ದಡದಲ್ಲೇ ಕಲಿಯಬೇಕಾದ ಮುಳುಗು ವಿದ್ಯೆ

ದಡದಲ್ಲಿ ಕುಳಿತವನಿಗೆ ಈಜು ಬಾರದು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಂಡು ಕಡಲಾಳಕ್ಕೆ ಇಳಿಯುವ ಸ್ಕೂಬಾ ವಿದ್ಯೆಯಲ್ಲಿ ಈ ಮಾತು ತಲೆಕೆಳಗಾಗುತ್ತದೆ. ಅಲ್ಲಿ ಮೊದಲ ಪಾಠ ದಡದಲ್ಲೇ ಆಗಬೇಕು. ರಜೆಯಲ್ಲಿ ಅಂಡಮಾನಿಗೋ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೋ ಹೋಗಿ ಸ್ಕೂಬಾ ಪ್ರಮಾಣಪತ್ರ ಪಡೆಯಬಯಸುವವರು ಇಂದು ಆ ಪಾಠವನ್ನು ಮನೆಯಲ್ಲೇ ಕುಳಿತು ಅಂತರ್ಜಾಲದ ಮೂಲಕ ಓದಿ ಮುಗಿಸುತ್ತಾರೆ. ಒತ್ತಡ, ಗಾತ್ರ, ಸಾರಜನಕ ಎಂದು ಪ್ರೌಢಶಾಲೆಯ ಭೌತಶಾಸ್ತ್ರವನ್ನು ನೆನಪಿಸುವ ಅಧ್ಯಾಯಗಳು, ಪ್ರತಿಯೊಂದರ ಕೊನೆಗೂ ಪ್ರಶ್ನೆಗಳು. ರಜೆಗೆ ಮುನ್ನ ಇದೆಂಥ ಪರೀಕ್ಷೆ ಎಂದು ಗೊಣಗುವವರಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಅಧ್ಯಾಯಗಳ ಹಲವು ಸಾಲುಗಳಿಗೆ ಮನುಷ್ಯ ಪ್ರಾಣದ ಬೆಲೆ ತೆತ್ತಿದ್ದಾನೆ.

ಈ ಕಥೆ ಆರಂಭವಾಗುವುದು ಕಡಲಿನಲ್ಲಲ್ಲ, ಗಣಿಯಲ್ಲಿ. 1841ರಲ್ಲಿ ಫ್ರಾನ್ಸಿನ ತ್ರಿಜೆ ಎಂಬ ಎಂಜಿನಿಯರ್ ಲುವಾರ್ ನದಿಯ ಬಳಿ ಕಲ್ಲಿದ್ದಲ ಗಣಿ ತೋಡಿಸುವಾಗ, ಒಳನುಗ್ಗುವ ನೀರನ್ನು ತಡೆಯಲು ಒತ್ತಡದ ಗಾಳಿ ತುಂಬಿದ ಕೊಳವೆಯೊಳಗೆ ಕೂಲಿಯವರನ್ನು ಇಳಿಸಿದ. ಉಪಾಯ ಫಲಿಸಿತು. ಆದರೆ ಹೊರಬಂದ ಕೆಲವರಿಗೆ ಕೀಲುಗಳಲ್ಲಿ ತಡೆಯಲಾರದ ನೋವು ಕಾಣಿಸಿತು. ಅಪಾಯವಿರುವುದು ಒತ್ತಡದೊಳಗೆ ಹೋಗುವುದರಲ್ಲಲ್ಲ, ಅದರಿಂದ ಹೊರಬರುವುದರಲ್ಲಿ ಎಂಬುದನ್ನು ಫ್ರೆಂಚ್ ವೈದ್ಯರಿಬ್ಬರು 1854ರಲ್ಲೇ ಗುರುತಿಸಿದರು. ಅವರ ಮಾತನ್ನು ಕೇಳಿದವರು ಕಡಿಮೆ. 1870ರ ಸುಮಾರಿಗೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ನದಿಗೆ ಸೇತುವೆಯ ಅಡಿಪಾಯ ಹಾಕುವಾಗ ಹನ್ನೆರಡಕ್ಕೂ ಹೆಚ್ಚು ಕಾರ್ಮಿಕರು ಇದೇ ಕಾಯಿಲೆಯಿಂದ ಸತ್ತರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದವನು, 1883ರಲ್ಲಿ ಸೇತುವೆ ಮುಗಿಯುವವರೆಗೂ ಮನೆಯ ಕಿಟಕಿಯಿಂದಲೇ ಕೆಲಸ ನೋಡಬೇಕಾಯಿತು. ಅವನ ಸೂಚನೆಗಳನ್ನು ಕಾಮಗಾರಿಯ ಜಾಗಕ್ಕೆ ಒಯ್ದು ನಡೆಸಿದವಳು ಹೆಂಡತಿ ಎಮಿಲಿ. ನೋವಿಗೆ ಬಾಗಿ ನಡೆಯುತ್ತಿದ್ದ ಕಾರ್ಮಿಕರನ್ನು ಕಂಡು ಜನ ಕಾಯಿಲೆಗೆ ‘ಬೆಂಡ್ಸ್’ ಎಂದು ಹೆಸರಿಟ್ಟರು.

ಕಾರಣ ತಿಳಿಸಿದವನು ಫ್ರೆಂಚ್ ಶರೀರವಿಜ್ಞಾನಿ ಪಾಲ್ ಬೇರ್. 1878ರಲ್ಲಿ ಪ್ರಕಟವಾದ ಅವನ ಬೃಹತ್ ಗ್ರಂಥದ ಸಾರವನ್ನು ಸೋಡಾ ಬಾಟಲಿಯಿಂದ ವಿವರಿಸಬಹುದು. ಮುಚ್ಚಳ ಬಿಗಿಯಾಗಿರುವವರೆಗೆ ಅನಿಲ ನೀರಿನಲ್ಲಿ ಕರಗಿರುತ್ತದೆ. ತೆರೆದೊಡನೆ ನೊರೆಯಾಗಿ ಉಕ್ಕುತ್ತದೆ. ಒತ್ತಡದಲ್ಲಿ ಉಸಿರಾಡಿದವನ ರಕ್ತ, ಮಾಂಸಗಳಲ್ಲಿಯೂ ಸಾರಜನಕ ಹೀಗೆಯೇ ಕರಗುತ್ತದೆ. ಅವನು ಥಟ್ಟನೆ ಮೇಲೆ ಬಂದರೆ ಅದು ಗುಳ್ಳೆಗಳಾಗುತ್ತದೆ. ಕರಗುವಾಗ ಅದು ಯಾವ ನೋವನ್ನೂ ಕೊಡುವುದಿಲ್ಲ ಎಂಬುದೇ ಇಲ್ಲಿನ ಮೋಸ. ನೀರು ಕುಡಿದು ಕೆಮ್ಮಿದವನಿಗೆ ನೀರೇ ಪಾಠ ಕಲಿಸುತ್ತದೆ. ಸಾರಜನಕ ಹಾಗೆ ಕಲಿಸುವುದಿಲ್ಲ.

ಹಾಗಾದರೆ ಎಷ್ಟು ನಿಧಾನವಾಗಿ ಮೇಲೆ ಬರಬೇಕು? ಬ್ರಿಟಿಷ್ ನೌಕಾಪಡೆಗಾಗಿ ಇದರ ಉತ್ತರ ಹುಡುಕಿದವರು ಜೆ.ಎಸ್. ಹಾಲ್ಡೇನ್. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಉಕ್ಕಿನ ಕೋಣೆಯೊಳಗೆ ಆಡುಗಳನ್ನು ಕೂಡಿ ಒತ್ತಡ ಏರಿಳಿಸಿ ಅವರು ಪ್ರಯೋಗ ನಡೆಸಿದರು. ನೋವು ಬಂದ ಆಡು ಮುಂಗಾಲನ್ನು ಎತ್ತಿ ಹಿಡಿಯುತ್ತಿತ್ತು. ಮಾತು ಬಾರದ ಪ್ರಾಣಿಯ ಸಾಕ್ಷ್ಯ ಅಷ್ಟೇ. ಹಾಲ್ಡೇನ್ ಮತ್ತು ಸಂಗಡಿಗರು 1908ರಲ್ಲಿ ಪ್ರಕಟಿಸಿದ ಕೋಷ್ಟಕಗಳು, ಹಂತ ಹಂತವಾಗಿ ನಿಂತು ಮೇಲೇರುವ ಕ್ರಮವನ್ನು ಜಗತ್ತಿಗೆ ಕೊಟ್ಟವು.

ಆದರೆ ಆಗಿನ ಮುಳುಗುಗಾರ ಆ ಕೋಷ್ಟಕವನ್ನು ಓದಬೇಕಾಗಿರಲಿಲ್ಲ. ಲೋಹದ ಶಿರಸ್ತ್ರಾಣ ಧರಿಸಿದ ಅವನಿಗೆ ದೋಣಿಯಿಂದ ಗಾಳಿ ತಿದಿಯೊತ್ತುವವರಿದ್ದರು, ಹಗ್ಗ ಹಿಡಿದವರಿದ್ದರು, ಗಡಿಯಾರ ನೋಡಿ ‘ನಿಲ್ಲು, ಏರು’ ಎಂದು ಸನ್ನೆ ಮಾಡುವ ಮೇಲಧಿಕಾರಿ ಇದ್ದ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ‘ಅಕ್ವಾಲಂಗ್’ ಈ ಪರಿವಾರವನ್ನೆಲ್ಲ ಅಳಿಸಿಹಾಕಿತು. ಹಗ್ಗವಿಲ್ಲ, ಕೊಳವೆಯಿಲ್ಲ, ಮುಳುಗುವವನು ಮೀನಿನಂತೆ ಸ್ವತಂತ್ರ. ಅಲ್ಲಿಗೆ ಕೋಷ್ಟಕವೂ ಅವನ ತಲೆಯೊಳಗೇ ಇರಬೇಕಾಯಿತು. ಸ್ಕೂಬಾ ಕಲಿಯುವವರಿಗೆ ಪುಸ್ತಕದ ಪಾಠ ಬಂದದ್ದು ಈ ಸ್ವಾತಂತ್ರ್ಯದ ಬೆನ್ನಿಗೇ.

ಅಂಗಡಿಯಲ್ಲಿ ದುಡ್ಡು ಕೊಟ್ಟವರಿಗೆ ಅಕ್ವಾಲಂಗ್ ಸಿಗತೊಡಗಿದಾಗ ಕಲಿಸುವವರು ಎಲ್ಲೂ ಇರಲಿಲ್ಲ. ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಾನ್ರಾಡ್ ಲಿಂಬಾ 1950ರ ದಶಕದ ಆರಂಭದಲ್ಲಿ ವಿಜ್ಞಾನಿಗಳಿಗಾಗಿ ತರಬೇತಿ ರೂಪಿಸಿದ. ಅಲ್ಲಿ ಕಲಿತು ಹೋದ ಆಲ್ ಟಿಲ್‌ಮನ್ ಮತ್ತು ಬೆವ್ ಮಾರ್ಗನ್ ಲಾಸ್ ಏಂಜಲಿಸ್‌ನಲ್ಲಿ ಸಾರ್ವಜನಿಕರಿಗೆ ಶಿಕ್ಷಣ ಆರಂಭಿಸಿದರು. 1960ರಲ್ಲಿ ‘ನಾವಿ’, 1966ರಲ್ಲಿ ‘ಪ್ಯಾಡಿ’ ಎಂಬ ಸಂಸ್ಥೆಗಳು ಹುಟ್ಟಿ, ಪ್ರಮಾಣಪತ್ರ ಜಗತ್ತಿನಾದ್ಯಂತ ಹಬ್ಬಿತು. ಮೊದಲ ಗುರು ಲಿಂಬಾ 1960ರಲ್ಲಿ ಫ್ರಾನ್ಸಿನ ಕಡಲ ಗುಹೆಯೊಂದರಲ್ಲಿ ದಾರಿ ತಪ್ಪಿ ಮಡಿದ. ತಿಳಿದವನನ್ನೂ ನೀರು ಬಿಡಲಿಲ್ಲ.

ಇಂದಿನ ಆರಂಭಿಕ ಪ್ರಮಾಣಪತ್ರದ ಮಿತಿ ಸಾಮಾನ್ಯವಾಗಿ 18 ಮೀಟರ್ ಆಳ. ಗುರುವಿನ ಕೈಹಿಡಿದು ಒಮ್ಮೆ ಮುಳುಗಿ ಬರುವ ಪ್ರವಾಸಿಗೆ ಇಷ್ಟೆಲ್ಲ ಓದು ಬೇಕಿಲ್ಲ. ಪ್ರಮಾಣಪತ್ರ ಬೇಕೆನ್ನುವವನಿಗೆ ಬೇಕು. ಅವನು ಕಲಿಯುವ ಮೊದಲ ನಿಯಮ, ನೀರೊಳಗೆ ಎಂದೂ ಉಸಿರು ಕಟ್ಟಬಾರದು ಎಂಬುದು. ನೀರಲ್ಲಿ ಉಸಿರು ಬಿಗಿಹಿಡಿಯುವುದೇ ಸಹಜವೆಂದು ನಂಬಿದ ದೇಹಕ್ಕೆ ಇದು ವಿಚಿತ್ರ. ಆದರೆ 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗುತ್ತದೆ. ಬಾಯಿ ಮುಚ್ಚಿಕೊಂಡು ಏರಿದರೆ ಪುಪ್ಪುಸ ಹರಿಯಬಹುದು. ಈಜುಕೊಳದ ಆಳವೂ ಇದಕ್ಕೆ ಸಾಕು.

ಮನೆಯೋದಿನಿಂದ ರಜೆಯ ದಿನಗಳು ಉಳಿಯುತ್ತವೆ, ನಿಜ. ಆದರೆ ಪರದೆಯ ಮೇಲೆ ಅಧ್ಯಾಯಗಳನ್ನು ಸರಸರನೆ ಸರಿಸಿಬಿಡುವುದೂ ಅಷ್ಟೇ ಸುಲಭ. ನೀರಿಗಿಳಿಸುವ ಮುನ್ನ ಶಿಕ್ಷಕರು ಮತ್ತೆ ಕೇಳಿ ಪರೀಕ್ಷಿಸಬೇಕೆಂಬ ಕಟ್ಟಳೆ ಇರುವುದು ಇದಕ್ಕಾಗಿಯೇ. ಓದಿನ ಕೊನೆಯ ಭಾಗದಲ್ಲಿ ಬರುವ ಒಂದು ನಿಯಮವಂತೂ ರಜೆಯ ಲೆಕ್ಕಾಚಾರವನ್ನೇ ಬದಲಿಸುತ್ತದೆ. ಹಲವು ಬಾರಿ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು, ಏಕೆಂದರೆ ಎತ್ತರದ ತೆಳು ಗಾಳಿಯಲ್ಲಿ ಉಳಿದ ಸಾರಜನಕ ನೊರೆಯಾಗಬಹುದು. ವಿಮಾನವೊಂದೇ ಎತ್ತರವಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ನೇತ್ರಾಣಿಯಲ್ಲಿ ಎರಡು ದಿನ ಮುಳುಗಿದವರು ಅದೇ ಸಂಜೆ ಘಟ್ಟ ಹತ್ತುವ ಬಸ್ಸು ಹಿಡಿಯುವ ಬದಲು ಆ ರಾತ್ರಿ ಮುರುಡೇಶ್ವರದಲ್ಲೇ ತಂಗಿ, ಮರುದಿನ ಹೊರಡುವುದು ಕ್ಷೇಮ.