ಹೊಸಕೆರೆಹಳ್ಳಿ ಜಲಾನಯನ: ಮಳೆ ಮತ್ತು ಹರಿನೀರಿನ ಲೆಕ್ಕ

ಜಲಾನಯನವೊಂದರ ಮೇಲೆ ಬಿದ್ದ ಮಳೆಯಲ್ಲಿ ಎಷ್ಟು ಇಂಗುತ್ತದೆ, ಉಳಿದದ್ದು ಎಷ್ಟು ಹೊತ್ತಿನಲ್ಲಿ ಕಾಲುವೆಗೆ ಬರುತ್ತದೆ ಎಂಬುದನ್ನು ಹೇಳುವ ಗಣಿತವೇ ಮಳೆ–ಹರಿವಿನ ಮಾದರಿ. ದಕ್ಷಿಣ ಬೆಂಗಳೂರಿನ ಹೊಸಕೆರೆಹಳ್ಳಿ ವೃಷಭಾವತಿ ಕಣಿವೆಗೆ ಸೇರಿದ್ದು. ಇಲ್ಲಿನ ನೀರು ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಇಲ್ಲಿಗೆ ಮಾದರಿ ಕಟ್ಟುವಾಗ ಒಣನಾಡಿನ ಲೆಕ್ಕವನ್ನೇ ಹಿಡಿಯಬೇಕು. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಕಾಣುವ ಊರಿಗೆ ಅದೇಕೆ ಎಂಬ ಆಕ್ಷೇಪ ಸಹಜ. ಆದರೆ ಮಾದರಿಗೆ ಮುಖ್ಯವಾದದ್ದು ವರ್ಷದ ಮೊತ್ತವಲ್ಲ, ಮಳೆ ಬೀಳುವ ಬಗೆ. ತಿಂಗಳುಗಟ್ಟಲೆ ಒಣಗಿದ ನೆಲದ ಮೇಲೆ ಮೇ ತಿಂಗಳಲ್ಲೋ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೋ ಗುಡುಗುಮಳೆ ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ. ಹಿಂದಿನವರು ಈ ಕಣಿವೆಯುದ್ದಕ್ಕೂ ಕೆರೆ ಕಟ್ಟಿದ್ದು ಆ ನೀರನ್ನು ಹಿಡಿಯಲೆಂದೇ. ದಿನದ ಸರಾಸರಿಯನ್ನು ಉಣಿಸಿದ ಮಾದರಿಗೆ ಇಂಥ ಮಳೆ ತರುವ ನೆರೆ ಕಾಣಿಸುವುದೇ ಇಲ್ಲ.

ಮಾದರಿಗೆ ಮುಖ್ಯವಾದ ಎರಡನೆಯ ಸಂಗತಿ ನೆಲದ ಸ್ಥಿತಿ. ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ 1950ರ ದಶಕದಲ್ಲಿ ರೂಪಿಸಿದ ಕರ್ವ್ ನಂಬರ್ ವಿಧಾನ ಇದನ್ನು ಒಂದೇ ಅಂಕಿಯಲ್ಲಿ ಹಿಡಿಯುತ್ತದೆ. ಉದಾಹರಣೆಗೆ 75 ಮಿ.ಮೀ. ಮಳೆ ಬಿತ್ತೆನ್ನೋಣ. ಹೊಲ–ತೋಪುಗಳ ನೆಲಕ್ಕೆ ಅಂಕಿ 70 ಎಂದಿಟ್ಟರೆ ಹರಿಯುವುದು ಸುಮಾರು 17 ಮಿ.ಮೀ.; ಕಾಂಕ್ರೀಟು, ಡಾಂಬರು ಮುಚ್ಚಿದ ಬಡಾವಣೆಗೆ 92 ಎಂದಿಟ್ಟರೆ ಸುಮಾರು 54. ಮಳೆ ಅಷ್ಟೇ, ಹರಿನೀರು ಮೂರು ಪಟ್ಟು! ನೆರೆ ಬಂದಾಗಲೆಲ್ಲ ಆಕಾಶವನ್ನಷ್ಟೇ ದೂರುವುದು ಈ ಲೆಕ್ಕದ ಮುಂದೆ ನಿಲ್ಲದು.

ಇಷ್ಟಾದರೂ ಲೆಕ್ಕ ಅರ್ಧವೇ. 2020ರ ಅಕ್ಟೋಬರ್ 23ರ ಮಳೆಗೆ ಇಲ್ಲಿನ ರಾಜಕಾಲುವೆ ಉಕ್ಕಿ ದತ್ತಾತ್ರೇಯನಗರದ ಮನೆಗಳಿಗೆ ನುಗ್ಗಿತು. ಇಂಥ ಕಡೆ ಕೆರೆಯಲ್ಲಿ ಅಂದು ಎಷ್ಟು ನೀರಿತ್ತು, ಹೂಳು ಎಷ್ಟು ಜಾಗ ತಿಂದಿತ್ತು, ಕೋಡಿಯ ಮುಂದಿನ ಕಾಲುವೆ ಎಷ್ಟು ಅಗಲವಿತ್ತು ಎಂಬುದೂ ಮಾದರಿಯೊಳಗೆ ಬರಬೇಕು. ಖಾಲಿ ಕೆರೆ ನೆರೆಯ ತುದಿಯನ್ನು ತಗ್ಗಿಸುತ್ತದೆ. ತುಂಬಿದ ಕೆರೆ ಬಂದ ನೀರಿನ ಬಹುಪಾಲನ್ನು ಕೋಡಿಗೆ ದಾಟಿಸುತ್ತದೆ. ಚರಂಡಿಯ ಅಗಲ ನಿರ್ಧರಿಸಲು ಹಳೆಯ ಸರಳ ಸೂತ್ರ ಸಾಲದೇ ಎಂದು ಎಂಜಿನಿಯರರು ಕೇಳಬಹುದು. ಒಂದು ಬೀದಿಗೆ ಸಾಕು. ಕೆರೆಗಳ ಸರಪಣಿಗೆ ಸಾಲದು, ಏಕೆಂದರೆ ಆ ಸೂತ್ರದಲ್ಲಿ ನೀರು ತಂಗುವ ಜಾಗಕ್ಕೆ ಸ್ಥಾನವೇ ಇಲ್ಲ. ಮಾಹಿತಿ ಸಿಗುವುದಿಲ್ಲವೆಂಬ ಮಾತೂ ಈಗ ಪೂರ್ತಿ ನಿಜವಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ನಗರಕ್ಕೆ ನೆರೆ ಮುನ್ಸೂಚನೆಯ ಮಾದರಿಯನ್ನೂ ಸಿದ್ಧಪಡಿಸಿದೆ. ಪ್ರತಿ ಕೆರೆಯ ನೀರಿನ ಮಟ್ಟವನ್ನೂ ಅದೇ ಬಿಡುವಿನಲ್ಲಿ ಅಳೆದು ಆ ಮಾದರಿಗೆ ಕೊಡುವುದು ಮೊದಲು ಆಗಬೇಕಾದ ಕೆಲಸ.