‘ಪ್ರೈವಸಿ’ ಶಬ್ದಕ್ಕೆ ಸ್ಪ್ಯಾನಿಷ್ ಪರ್ಯಾಯಗಳು

ಭಾವವಾಚಕ ಶಬ್ದಗಳನ್ನು ಭಾಷಾಂತರಿಸುವಲ್ಲಿ ಕೋಶವೊಂದೇ ಪ್ರಮಾಣವಾಗಲಾರದು. ಇಂಗ್ಲಿಷಿನ ‘ಪ್ರೈವಸಿ’ ಶಬ್ದವು ಸ್ಪ್ಯಾನಿಷ್ ಭಾಷೆಯಲ್ಲಿ ಪಡೆದ ಗತಿಯೇ ಇದಕ್ಕೆ ನಿದರ್ಶನ. ಅಲ್ಲಿ ಇದಕ್ಕೆ ‘ವಿದಾ ಪ್ರಿವಾದಾ’, ‘ಇಂತಿಮಿದಾದ್’, ‘ಪ್ರಿವಸಿದಾದ್’ ಎಂಬ ಮೂರು ಪರ್ಯಾಯಗಳುಂಟು. ಇವುಗಳಲ್ಲಿ ಯಾವುದು ಎಲ್ಲಿ ಗ್ರಾಹ್ಯವೆಂಬುದನ್ನು ಕಾಲಕ್ರಮದಲ್ಲಿ ಪರಿಶೀಲಿಸೋಣ.

ವಿಶ್ವಸಂಸ್ಥೆಯು 1948ನೆಯ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 12ನೆಯ ವಿಧಿಯಲ್ಲಿ ಇಂಗ್ಲಿಷ್ ಪಾಠವು ‘ಪ್ರೈವಸಿ’ ಎಂದಿರುವೆಡೆ ಸ್ಪ್ಯಾನಿಷ್ ಪಾಠವು ‘ವಿದಾ ಪ್ರಿವಾದಾ’, ಎಂದರೆ ‘ಖಾಸಗಿ ಜೀವನ’, ಎನ್ನುತ್ತದೆ. ಏಕಪದವನ್ನು ಬಿಟ್ಟು ಪದಪುಂಜವನ್ನು ಹಿಡಿದುದು ಇಲ್ಲಿ ಗಮನಾರ್ಹ. 1978ರ ಸ್ಪೇನಿನ ಸಂವಿಧಾನವಾದರೋ ತನ್ನ 18ನೆಯ ವಿಧಿಯಲ್ಲಿ ವ್ಯಕ್ತಿಯ ಮತ್ತು ಕುಟುಂಬದ ‘ಇಂತಿಮಿದಾದ್’ ಅನ್ನು ರಕ್ಷಿಸಿತು. ಇದರ ಮೂಲ ಲ್ಯಾಟಿನ್ನಿನ ‘ಇಂತಿಮುಸ್’. ಅತ್ಯಂತ ಒಳಗಿನದು ಎಂದರ್ಥ. ವೇದದಲ್ಲಿ ಅತಿಸಮೀಪವೆಂಬ ಅರ್ಥದಲ್ಲಿ ಬರುವ ‘ಅಂತಮ’ ಶಬ್ದವು ಇದರ ಸಜಾತೀಯ.

ಯಂತ್ರಗಣಕಗಳು ಬಂದ ಮೇಲೆ ಈ ಶಬ್ದಕ್ಕೆ ಅವ್ಯಾಪ್ತಿದೋಷವು ತಗುಲಿತು. ಒಬ್ಬನು ಕೊಂಡ ಔಷಧ, ಹೋದ ಊರು, ತೀರಿಸಿದ ಸಾಲ ಇವು ಬಿಡಿಬಿಡಿಯಾಗಿ ಅಂತರಂಗದ ರಹಸ್ಯಗಳಲ್ಲ. ಒಟ್ಟುಗೂಡಿಸಿದರೆ ಅವನ ಚಿತ್ರವೇ ಮೂಡುತ್ತದೆ. ವೈಯಕ್ತಿಕ ಮಾಹಿತಿಯ ಯಾಂತ್ರಿಕ ಸಂಸ್ಕರಣವನ್ನು ಕುರಿತ ಸ್ಪೇನಿನ 1992ರ ಶಾಸನವು ತನ್ನ ಪೀಠಿಕೆಯಲ್ಲಿ ಈ ಭೇದವನ್ನೇ ವಿವರಿಸಿ, ‘ಪ್ರಿವಸಿದಾದ್’ ಎಂಬುದು ‘ಇಂತಿಮಿದಾದ್’ಗಿಂತ ವಿಶಾಲವಾದುದೆಂದು ನಿರ್ಣಯಿಸಿತು. ಈ ಶಬ್ದವನ್ನು ಇಂಗ್ಲಿಷಿನ ಅನುಕರಣವೆಂದು ಆಕ್ಷೇಪಿಸಿದವರುಂಟು. ಆದರೂ ಸ್ಪ್ಯಾನಿಷ್ ಅಕಾಡೆಮಿಯು 2001ರ ತನ್ನ ಕೋಶದಲ್ಲಿ ಅದಕ್ಕೆ ಸ್ಥಾನವಿತ್ತಿತು. ಶಾಸನವು ಮುಂದೆ ನಡೆಯಿತು, ಕೋಶವು ಹಿಂಬಾಲಿಸಿತು.

ಆದುದರಿಂದ ಅಂತರಂಗಜೀವನದ ಪ್ರಸಂಗದಲ್ಲಿ ‘ಇಂತಿಮಿದಾದ್’, ಅಂತಾರಾಷ್ಟ್ರೀಯ ಹಕ್ಕುಗಳ ಪ್ರಸಂಗದಲ್ಲಿ ‘ವಿದಾ ಪ್ರಿವಾದಾ’, ಮಾಹಿತಿಯ ಪ್ರಸಂಗದಲ್ಲಿ ‘ಪ್ರಿವಸಿದಾದ್’ ಯುಕ್ತವೆಂದು ನಮ್ಮ ಅಭಿಪ್ರಾಯ. ಮಾಹಿತಿಯ ಪ್ರಸಂಗದಲ್ಲಿ ಸಂಕುಚಿತ ಶಬ್ದವನ್ನು ಹಿಡಿದರೆ ಬಿಡಿ ಸಂಗತಿಗಳೆಲ್ಲ ರಕ್ಷಣೆಯಿಂದ ಹೊರಗುಳಿಯುವ ಅಪಾಯವುಂಟು.

ಈ ವಿಚಾರವು ಕನ್ನಡಿಗರಿಗೆ ದೂರದ್ದಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ನೆಯ ಆಗಸ್ಟ್ 24ರಂದು ಇದನ್ನು ಮೂಲಭೂತ ಹಕ್ಕೆಂದು ಸಾರಿತು. ಇದನ್ನು ಕನ್ನಡದಲ್ಲಿ ‘ಗೋಪ್ಯತೆ’ ಎಂದರೆ, ಹಕ್ಕನ್ನು ಕೇಳುವವನು ಏನನ್ನೋ ಮರೆಮಾಡುತ್ತಿರುವನೆಂಬ ಶಂಕೆಗೆ ಎಡೆಯಾಗುತ್ತದೆ. ‘ಖಾಸಗಿತನ’ದಲ್ಲಿ ಆ ದೋಷವಿಲ್ಲ, ಅದು ಅನ್ಯಭಾಷಾಮೂಲದ ಶಬ್ದವಾದರೂ ನಾವು ಅದನ್ನೇ ಗ್ರಾಹ್ಯವೆಂದು ಭಾವಿಸುತ್ತೇವೆ.