ಹಾಸಿಗೆಯ ಸ್ಥಳ

ಇರುವ ಒಂದೇ ಕೋಣೆಯಲ್ಲಿ ಉಣ್ಣುವುದು, ದುಡಿಯುವುದು, ಮಲಗುವುದು ಎಲ್ಲವೂ ನಡೆಯಬೇಕಾದರೆ ಹಗಲಿನಲ್ಲಿ ಹಾಸಿಗೆಗೆ ಎಲ್ಲಿ ಸ್ಥಳ? ಜಪಾನಿನ ಇತಿಹಾಸದಲ್ಲಿ ಇದು ಜೀವನ್ಮರಣದ ಪ್ರಶ್ನೆಯೂ ಆದದ್ದುಂಟು.

ಇಂದು ಟೋಕಿಯೊ ಎನಿಸಿಕೊಳ್ಳುವ ಎಡೊ ನಗರದಲ್ಲಿ ಬಡವರು ಸಾಲುಮನೆಗಳಲ್ಲಿ ವಾಸಿಸುತ್ತಿದ್ದರು. ಅಂತಹ ಚಿಕ್ಕ ಮನೆಯ ಅಗಲ ಸುಮಾರು 2.7 ಮೀಟರ್, ಉದ್ದ 3.6 ಮೀಟರ್. ಬೆಳಗಾಗುತ್ತಲೇ ಹಾಸಿಗೆಯನ್ನು ಮಡಿಸಿ ಮೂಲೆಯಲ್ಲಿರಿಸಿ, ಗಿಡ್ಡ ತಟ್ಟಿಯೊಂದನ್ನು ಮರೆಯಾಗಿ ನಿಲ್ಲಿಸುತ್ತಿದ್ದರು. ಉಳ್ಳವರಾದರೋ ಬಟ್ಟೆ, ಹಾಸಿಗೆಗಳನ್ನು ಚಕ್ರಗಳಿದ್ದ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ತುಂಬಿಡುತ್ತಿದ್ದರು. 1657ರ ಮಹಾಗ್ನಿಯಲ್ಲಿ ಜನರು ಅವನ್ನು ಎಳೆದುಕೊಂಡೇ ಬೀದಿಗಿಳಿದರು. ಪೆಟ್ಟಿಗೆಗಳು ದಾರಿ ಕಟ್ಟಿದವು. ಓಡಲಾರದೆ ಅನೇಕರು ಮಡಿದರು. 1683ರಲ್ಲಿ ಅಂತಹ ಪೆಟ್ಟಿಗೆಗಳನ್ನು ನಿಷೇಧಿಸಲಾಯಿತು.

ಕಾಲಕ್ರಮದಲ್ಲಿ ಸಾಮಾನ್ಯರ ಮನೆಗಳಲ್ಲಿ ನೆಲೆಗೊಂಡದ್ದು ‘ಒಶಿಇರೆ’: ಗೋಡೆಯ ಸಾಲಿನಲ್ಲೇ ಅಡಗಿದ, ಜಾರುಬಾಗಿಲಿನ ಕಪಾಟು. ಅಗಲ ಸುಮಾರು 1.8 ಮೀಟರ್, ಆಳ 0.9 ಮೀಟರ್, ನಡುವೆ ಒಂದು ಗಟ್ಟಿ ಹಲಗೆ. ಬಿಸಿಲಿಗೆ ಒಡ್ಡಿ ಮಡಿಸಿದ ಹಾಸಿಗೆಗಳನ್ನು ಅದರೊಳಗೆ ಸೇರಿಸಿದರೆ, ರಾತ್ರಿಯ ಶಯನಗೃಹವೇ ಹಗಲಿನ ನಡುಮನೆ.

ಕಪಾಟಿಗೊಂದು ಮಿತಿಯುಂಟು. ಅದು ತುಂಬಿದ ಮೇಲೆ ಕೊಂಡು ತಂದದ್ದೆಲ್ಲ ಮಲಗುವ ನೆಲವನ್ನೇ ಆಕ್ರಮಿಸುತ್ತದೆ. ಕಿರುಕೋಣೆಯವರಿಗೆ ಈ ಲೆಕ್ಕ ಪ್ರತಿ ರಾತ್ರಿಯೂ ಕಾಣುತ್ತದೆ. ದೊಡ್ಡ ಪೆಟ್ಟಿಗೆಯವರಿಗೆ ಕಂಡದ್ದು ಬೆಂಕಿ ಬಿದ್ದಾಗ.